ಜೀಪಿನ ಬಾಯಿ

ನಮ್ಮ ಮನೆಯಲ್ಲಿ ಎಲ್ಲರಿಗೂ ಕೂಡುವ ಜಾಗ ಗೊತ್ತಿತ್ತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತರೆ ಉಣ್ಣುವ ತನಕ ಬೈಗುಳ, ಉಂಡ ಮೇಲೆ ಮತ್ತೆ ಬೈಗುಳ. ಮನೆಯೇನು ದೊಡ್ಡದಲ್ಲ. ಜಾಲಹಳ್ಳಿ ರಸ್ತೆಯಿಂದ ಒಳಗೆ, ಕುರಿ ಸಾಕುವವರ ಓಣಿಯಲ್ಲಿ, ಮಣ್ಣಿನ ಮಾಳಿಗೆಯ ಒಂದು ಪಡಸಾಲೆ, ಅದರ ಹಿಂದೆ ಹಗಲಲ್ಲೂ ದೀಪ ಬೇಡುವ ಅಡುಗೆಮನೆ, ಮುಂದೆ ಮುಳ್ಳುಬೇಲಿಯ ಅಂಗಳ, ಅಂಗಳದ ಮೂಲೆಯಲ್ಲಿ ಜೋಳದ ದಂಟು ಹೊದಿಸಿದ ಚಪ್ಪರ. ಚಪ್ಪರದ ಕೆಳಗೆ ಕೆಂದ ಎಂಬ ನಮ್ಮ ಒಂಟಿ ಎತ್ತು. ಪಡಸಾಲೆಯ ನಡುಗಂಬದ ಬುಡ ಆಯಿಯದು, ಅಂದರೆ ನಮ್ಮಪ್ಪನ ತಾಯಿಯದು. ಒಲೆಯ ಮುಂದಿನ ಮಣೆ ಅವ್ವನದು. ಅಪ್ಪ ಹೊಸ್ತಿಲ ಮೇಲೆ ಕೂಡುತ್ತಿದ್ದ, ಒಳಗೂ ಅಲ್ಲ ಹೊರಗೂ ಅಲ್ಲ; ಆಯಿ ಬೈಯಲು ಶುರು ಮಾಡಿದರೆ ಎದ್ದು ಹೋಗಲು ಅನುಕೂಲ. ನನಗೆ ಮಾತ್ರ ಜಾಗವಿರಲಿಲ್ಲ. ಕಂಬಕ್ಕೆ ಒರಗಿದರೆ ಆಯಿ ಏಳು ಅನ್ನುತ್ತಿದ್ದಳು, ಒಲೆಯ ಹತ್ತಿರ ಹೋದರೆ ಅವ್ವ ಸರಿ ಅನ್ನುತ್ತಿದ್ದಳು, ಹೊಸ್ತಿಲ ಮೇಲೆ ಹೆಣ್ಣುಹುಡುಗಿ ಕೂಡಬಾರದು. ನನ್ನ ಹೆಸರು ಅಮರಮ್ಮ ಎಂದು ಸಾಲಿಯ ಮಾಸ್ತರರಿಗಷ್ಟೇ ಗೊತ್ತಿತ್ತು. ಮನೆಯಲ್ಲಿ ನನ್ನ ಹೆಸರು 'ಏಳಬೇ ಅಲ್ಲಿಂದ' ಎಂದೇ ಇತ್ತು.

ಹೀಗಿರುವಾಗ ಅಪ್ಪ ಜೀಪು ತಂದ. ಅಪ್ಪ ಕುರಿ ಕಾಯುವುದು ಬಿಟ್ಟು ಕಾಲುವೆ ಕೆಲಸದ ಗುತ್ತಿಗೆದಾರರೊಬ್ಬರ ಹತ್ತಿರ ಡ್ರೈವರನಾಗಿದ್ದ. ಅವರು ಹೊಸದು ತಗೊಂಡಾಗ ಹಳೆಯ ಜೀಪು ಇವನ ಪಾಲಿಗೆ ಬಂತು. ಕೆಸರು ಹಸಿರಿನ ಬಣ್ಣ, ಮೇಲೆ ಹರಿದ ತಾಡಪತ್ರಿ, ಮುಂದೆ ನೋಡಲು ಇದ್ದ ಮುಳ್ಳಿನ ಗಡಿಯಾರಗಳೆಲ್ಲ ಮೊದಲೇ ಸತ್ತಿದ್ದವು. ಕೆಂದನನ್ನು ಬೇವಿನ ಗಿಡಕ್ಕೆ ಕಟ್ಟಿ ಚಪ್ಪರದಡಿ ಜೀಪು ನಿಲ್ಲಿಸಿದ. ಅಂದಿನಿಂದ ಆಯಿ ಮೂರು ಹೊತ್ತೂ ಜೀಪಿಗೆ ಶಾಪ ಹಾಕಿ ಉಣ್ಣುತ್ತಿದ್ದಳು. ಸೆಗಣಿ ಹಾಕಲಾರದ್ದು, ಗೊಬ್ಬರವಾಗಲಾರದ್ದು, ಸತ್ತರೆ ಚರ್ಮವೂ ಬಾರದ್ದು, ಅದಕ್ಕೆ ನೆರಳು ಯಾಕೆ ಎಂದು ಅವಳ ಕೇಳಿಕೆ. ಅವ್ವನ ದೂರು ಬೇರೆ. ಜೀಪಿನ ಮೂತಿಯಿಂದ ದಿನಾ ನೀರು ಸೋರಿ ಅಂಗಳದಲ್ಲಿ ಕೆಸರಾಗುತ್ತಿತ್ತು. ಕೂಸಿನಂತೆ ಇದಕ್ಕೂ ಬಟ್ಟೆ ಕಟ್ಟಲೇನು ಎಂದು ಅವ್ವ ಕಸಬರಿಗೆ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಬೆಳಗಾದರೆ ಬಾನೆಟ್ಟು ಎತ್ತಿ, ಮುಂದುಗಡೆ ಎರಡು ದೀಪಗಳ ನಡುವೆ ಇದ್ದ ಮುಚ್ಚಳ ತಿರುಗಿಸಿ, ಕೊಡದಿಂದ ನೀರು ಹಾಕಿ ಮುಚ್ಚುತ್ತಿದ್ದ. ಆಯಿ ಕಂಬಕ್ಕೆ ಒರಗಿ ಇದನ್ನು ದಿನಾ ನೋಡುತ್ತಿದ್ದಳು. ಇದು ನೆನಪಿರಲಿ.

ನನಗೆ ಜೀಪು ಯಾಕೆ ಬೇಕಾಗಿತ್ತೆಂದರೆ, ನಮ್ಮೂರ ಸಾಲಿ ನಾಲ್ಕನೆಯದಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ದೇವದುರ್ಗ. ಅಪ್ಪ ಮುಂಗಾರಿಗೆ ಜೀಪನ್ನು ದಿನಾ ದೇವದುರ್ಗಕ್ಕೆ ಓಡಿಸಿ ಊರ ಮಂದಿಯನ್ನು ಒಯ್ದು ತರುವ ಲೆಕ್ಕ ಹಾಕಿದ್ದ. ಒಂದು ಸಂಜೆ ಹೊಸ್ತಿಲ ಮೇಲೆ ಕೂತು ನನ್ನನ್ನು ಕರೆದು ಹೇಳಿದ:

"ಸಾಲಿ ಸುರು ಆಗ್ಲಿ, ನಿನ್ನೂ ದಿನಾ ಒಯ್ತೀನಿ ದುರ್ಗಕ್ಕ."

"ನಾ ಎಲ್ಲಿ ಕುಂದರಲಿ?"

"ಮುಂದ. ನನ್ನ ಬಾಜೂಕ. ಗೌಡ ಬಂದ್ರೂ ಆ ಜಾಗಾ ನಿಂದೇ."

ಓದಬೇಕೆಂಬ ಆಸೆ ನನಗಿತ್ತು ಎಂದು ಬರೆದರೆ ಓದುವವರಿಗೆ ಚಂದ ಕಾಣುತ್ತದೆ. ಆದರೆ ಇರಲಿಲ್ಲ. ಮಗ್ಗಿ ಬರುತ್ತಿತ್ತು, ಅಕ್ಷರ ಬರುತ್ತಿತ್ತು, ಸಾಕೆನ್ನಿಸಿತ್ತು. ನನಗೆ ಬೇಕಾಗಿದ್ದು ಆ ಮುಂದಿನ ಸೀಟು. ಹುಟ್ಟಿದ ಮೇಲೆ ಮೊದಲ ಸಲ ಒಬ್ಬರು ಇದು ನಿನ್ನ ಜಾಗ ಎಂದಿದ್ದರು. ಅದಕ್ಕಾಗಿ ಎಷ್ಟು ಮಗ್ಗಿ ಬೇಕಾದರೂ ಹೇಳಲು ತಯಾರಿದ್ದೆ. ಓಣಿಯ ಹುಡುಗಿಯರಿಗೆಲ್ಲ ಹೇಳಿಬಂದೆ. ಅವರು ನಂಬಲಿಲ್ಲ. ಕಾರಹುಣ್ಣಿಮೆಗೆ ನೋಡ್ರಿ, ಊರಬಾಗಿಲ ಅಗಸಿಯ ತನಕ ಮುಂದೆ ಕೂತು ಬರುತ್ತೇನೆ ಎಂದೆ. ಅಪ್ಪ ಅದಕ್ಕೂ ಹೂಂ ಅಂದಿದ್ದ.

ಇನ್ನು ಆಯಿಯ ವಿಚಾರ ಹೇಳಬೇಕು. ಆಯಿ ಸುತ್ತಲಿನ ದನಕುರಿಗಳ ಡಾಕ್ಟರು. ಅವಳ ತಲೆಯ ಮೇಲೆ ಕಂಬದ ಗೂಟಕ್ಕೆ ಒಂದು ಗೊಟ್ಟ ತೂಗುತ್ತಿತ್ತು. ಬಿದಿರಿನ ಕೊಳವೆ, ಒಂದು ತುದಿ ಓರೆಯಾಗಿ ಕತ್ತರಿಸಿದ್ದು, ಎಷ್ಟೋ ಬಾಯಿಗಳಿಗೆ ಹೋಗಿ ಬಂದು ನುಣ್ಣಗಾದದ್ದು. ದನದ ತಲೆ ಮೇಲೆತ್ತಿ ಹಿಡಿದು, ಬಾಯಿಗೆ ಗೊಟ್ಟ ಇಟ್ಟು ಔಷಧ ಸುರಿಯುವುದು. ಗಬ್ಬೂರಿನಿಂದಲೂ ಜನ ಉಬ್ಬರಿಸಿದ ಕುರಿಗಳನ್ನು ಹೊತ್ತು ತರುತ್ತಿದ್ದರು. ಭೇದಿಗೆ ಹರಳೆಣ್ಣೆ ಕುಡಿಸುವಾಗ ಮೊಮ್ಮಗಳೆಂದು ನನಗೇನೂ ಬೇರೆ ಲೋಟ ಇರಲಿಲ್ಲ, ಅದೇ ಗೊಟ್ಟ. ಅವಳದು ಒಂದು ಕಾಯಿದೆ: ಮೊದಲು ಹೊಟ್ಟೆ ಖಾಲಿ ಮಾಡಿಸಬೇಕು, ಆಮೇಲೆ ರಾತ್ರಿಯಿಡೀ ಉಪವಾಸ ಇಡಬೇಕು, ಮರುದಿನ ಬೆಳಗ್ಗೆ ಎಣ್ಣೆ, ಕೋಳಿಮೊಟ್ಟೆ, ಅರಿಶಿನ, ಅಜವಾನ ಕಲಸಿ ಗೊಟ್ಟ ಹಾಕಬೇಕು. ನಡುವೆ ಯಾರಾದರೂ ನೀರು ಕುಡಿಸಿದರೆ ಪ್ರಾಣಿ ಉಳಿದರೂ ಕುಡಿಸಿದವರು ಉಳಿಯುತ್ತಿರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ಒಮ್ಮೆ ಕರುಣೆ ಬಂದು ಉಪವಾಸದ ಟಗರಿಗೆ ಹುಲ್ಲು ಹಾಕಿದನಂತೆ, ಟಗರು ಸತ್ತಿತಂತೆ. ಆ ಟಗರನ್ನು ಆಯಿ ಅವನ ಮದುವೆಯ ದಿನವೂ ನೆನಪು ಮಾಡಿ ಬೈದಿದ್ದಳು ಎಂದು ಅವ್ವ ಹೇಳುತ್ತಿದ್ದಳು.

ದೇವದುರ್ಗದ ಬಸ್ ನಿಲ್ದಾಣದ ಹಿಂದೆ ಮೌಲಾಸಾಬ ಎಂಬ ಮಿಸ್ತ್ರಿ ಇದ್ದ. ಅಪ್ಪ ಜೀಪನ್ನು ಅವನಿಗೆ ತೋರಿಸಿ ಬಂದ. ಇಂಜಿನ್ ಒಳಗಿರುವುದು ಎಣ್ಣೆಯಲ್ಲ, ಡಾಂಬರು, ಮಂದಿ ಹೇರುವ ಮೊದಲು ಬದಲಿಸು ಎಂದನಂತೆ. ಇಲ್ಲೇ ಬಿಟ್ಟುಹೋಗು ಎಂದೂ ಹೇಳಿದನಂತೆ. ಅಪ್ಪನಿಗೆ ಹಟ. ಇಷ್ಟು ವರ್ಷ ಓಡಿಸಿದವನು ಎಣ್ಣೆ ಬದಲಿಸಲಾರೆನೇ ಎಂದು ಹೊಸ ಎಣ್ಣೆಯ ಡಬ್ಬಿ ಹಿಡಿದು ಮನೆಗೇ ಬಂದ. ಮೌಲಾಸಾಬ ಹಿಂದಿನಿಂದ ಕೂಗಿ ಹೇಳಿದ ಮಾತನ್ನು ಅಪ್ಪ ನಗುತ್ತ ನಮಗೂ ಹೇಳಿದ:

"ಎಣ್ಣಿ ಹಾಕಿದ ಮ್ಯಾಲ ಕಡ್ಡಿ ಎಳದು ನೋಡು. ನೋಡದ ಚಾವಿ ತಿರುಗಿಸಿದ್ರ ನನ್ನ ಹಂತ್ಯಾಕ ಬರಬ್ಯಾಡ."

ಇಂಜಿನ್ನಿನ ಪಕ್ಕದಲ್ಲಿ ಒಂದು ಉದ್ದ ಕಡ್ಡಿ ಇರುತ್ತದೆ. ಎಳೆದು ಒರೆಸಿ ಮತ್ತೆ ತೂರಿಸಿ ಎಳೆದರೆ ಒಳಗೆ ಎಣ್ಣೆ ಎಷ್ಟಿದೆ ಎಂದು ಗೆರೆ ತೋರಿಸುತ್ತದೆ. ಅಪ್ಪ ಅದನ್ನು ನನಗೆ ತೋರಿಸಿಯೂ ಇದ್ದ. ನನಗೆ ಕಡ್ಡಿಗಿಂತ ಸೀಟಿನ ಮೇಲೆ ಕಣ್ಣು.

ಕಾರಹುಣ್ಣಿಮೆಯ ಹಿಂದಿನ ದಿನ ಎತ್ತುಗಳಿಗೆ ಉಗ್ಗಿ ತಿನ್ನಿಸುವ ಹೊನ್ನುಗ್ಗಿ. ಅವತ್ತೇ ಅಪ್ಪ ಎಣ್ಣೆ ಇಳಿಸಲು ಕೂತ. ಜೀಪನ್ನು ಚಾಲೂ ಮಾಡಿ ಸ್ವಲ್ಪ ಹೊತ್ತು ಗುರುಗುಡಿಸಿದ, ಎಣ್ಣೆ ಬಿಸಿಯಾದರೆ ಬೇಗ ಇಳಿಯುತ್ತದೆಂದು. ಆಮೇಲೆ ಗೋಣಿಚೀಲ ಹಾಸಿ ಕೆಳಗೆ ತೂರಿದ. ಎಣ್ಣೆ ಹಿಡಿಯಲು ಏನಾದರೂ ಕೊಡು ಎಂದು ಒಳಗಿನಿಂದ ಕೂಗಿದ. ನಾನು ಕೈಗೆ ಸಿಕ್ಕ ಬೋಗುಣಿ ಕೊಟ್ಟೆ. ಅದು ಹೋಳಿಗೆಗೆ ಬೇಳೆ ನೆನೆಸಲು ಅವ್ವ ಬೆಳಗಿಟ್ಟದ್ದು. ಅವ್ವ ಬಂದು ನೋಡುವುದರೊಳಗೆ ಅಪ್ಪ ಕೆಳಗಿನ ಬೋಲ್ಟು ಬಿಚ್ಚಿದ್ದ, ಬೋಲ್ಟು ಕೈಯಿಂದ ಜಾರಿ ಬೋಗುಣಿಗೆ ಬಿದ್ದಿತ್ತು, ಸುಡುವ ಕಪ್ಪು ಎಣ್ಣೆ ಅವನ ಮೊಳಕೈಯಿಂದ ಬಗಲಿಗೆ, ಬಗಲಿನಿಂದ ಧೋತರಕ್ಕೆ ಇಳಿದಿತ್ತು. ಜೀಪಿನ ಕೆಳಗಿನಿಂದ ಬರುತ್ತಿದ್ದ ಮಾತುಗಳು ಬರೆಯುವಂಥವಲ್ಲ. ಅವ್ವ ಮೇಲಿನಿಂದ ಬೋಗುಣಿಯ ವಿಷಯಕ್ಕೆ ಬೈಯುತ್ತಿದ್ದಳು, ಅಪ್ಪ ಕೆಳಗಿನಿಂದ ಅದನ್ನೇ ಒಪ್ಪಿಕೊಳ್ಳುತ್ತ ಬೋಲ್ಟು ಹುಡುಕುತ್ತಿದ್ದ. ಸುದ್ದಿ ತಿಳಿದು ಓಣಿಯವರು ಬಟ್ಟಲು, ಕರಟ, ಡಬ್ಬಿ ಹಿಡಿದು ಬಂದರು. ಬಂಡಿಯ ಅಚ್ಚಿಗೆ, ಬಾಗಿಲ ತಿರುಗಣಿಗೆ, ಗೆದ್ದಲು ಹತ್ತಿದ ತೊಲೆಗೆ ಹಳೆಯ ಎಣ್ಣೆಯಂಥದು ಇನ್ನೊಂದಿಲ್ಲ. ಅಷ್ಟೂ ಹಂಚಿಹೋಯಿತು. ನಮ್ಮ ನಡುಗಂಬಕ್ಕೂ ಅವ್ವ ಬಳಿದಳು. ಅದು ಆರುವ ಮೊದಲೇ ಆಯಿ ಬಂದು ಒರಗಿದ್ದರಿಂದ ಅವಳ ಸೀರೆಯ ಬೆನ್ನಿನ ಮೇಲೆ ಆ ಕಂಬ ಕೊನೆಯ ತನಕ ಉಳಿಯಿತು.

ಆಯಿ ಆ ತನಕ ಜೀಪಿನ ಹತ್ತಿರ ಬಂದವಳಲ್ಲ. ಬೋಗುಣಿಯ ತಳದಲ್ಲಿ ಉಳಿದ ಕಪ್ಪು ನೋಡಿದ ಮೇಲೆ ಎದ್ದು ಬಂದಳು. ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಅವಳ ಮುಖ ಬದಲಾಯಿತು. ಇಷ್ಟು ದಿನ ಶತ್ರುವಾಗಿದ್ದದ್ದು ಈಗ ರೋಗಿಯಾಯಿತು.

"ಎಷ್ಟು ದಿನದಿಂದ ಇಟ್ಕೊಂಡಿತ್ತೋ ಹೊಟ್ಯಾಗ. ಪಾಪ, ಹೇಳಾಕ ಬಾಯಿಲ್ಲ ಅದಕ್ಕ."

ಅಪ್ಪ ಬೋಲ್ಟು ಬಿಗಿದು ಹೊರಗೆ ಬಂದು, ಹೊಸ ಡಬ್ಬಿಗೆ ಕೈಹಾಕಿದ. ಆಯಿ ಡಬ್ಬಿ ಕಿತ್ತುಕೊಂಡಳು. ಭೇದಿಯಾದ ಹೊಟ್ಟೆಗೆ ಅದೇ ದಿನ ಎಣ್ಣೆ ಕೊಡುತ್ತಾರೇನು, ಬೆಳಗಿನ ತನಕ ಉಪವಾಸ ಇರಲಿ ಎಂದಳು. ಇದು ಎತ್ತಲ್ಲ, ಇಂಜಿನ್ನು ಎಂದು ಅಪ್ಪ. ಹೊಟ್ಟೆ ಅಂದಮೇಲೆ ಹೊಟ್ಟೆ ಎಂದು ಆಯಿ. ಅವ್ವ ನಡುವೆ ಬೋಗುಣಿಯ ಮಾತು ತೆಗೆದಳು, ಯಾರೂ ಕೇಳಲಿಲ್ಲ. ಅಪ್ಪ ಇನ್ನೂ ವಾದ ಮಾಡುತ್ತಿದ್ದನೋ ಏನೋ, ಆಯಿ ಸಣ್ಣ ದನಿಯಲ್ಲಿ ಹೇಳಿದಳು:

"ಟಗರು ಮರತೀಯೇನಪಾ?"

ಮುಗಿಯಿತು. ಒಂದು ರಾತ್ರಿ ಖಾಲಿ ಇದ್ದರೆ ಎಲ್ಲಿ ಹೋಗುತ್ತದೆ, ಬೆಳಗ್ಗೆ ಹಾಕಿದರಾಯಿತು ಎಂದು ಅಪ್ಪ ಬಾನೆಟ್ಟು ಎತ್ತಿಯೇ ಬಿಟ್ಟು ಕೈತೊಳೆಯಲು ಹೋದ. ಆಯಿ ಡಬ್ಬಿಯನ್ನು ತನ್ನ ಕಂಬದ ಬುಡಕ್ಕೆ ಇಟ್ಟುಕೊಂಡು ಮಲಗಿದಳು.

ಹುಣ್ಣಿಮೆಯ ಬೆಳಗ್ಗೆ ಅಪ್ಪ ಕೆಂದನ ಮೈ ತೊಳೆಯಲು ಹಳ್ಳಕ್ಕೆ ಹೋದ. ಅವ್ವ ಒಲೆಯ ಮುಂದೆ. ಆಯಿ ಒಂದು ಗಡಿಗೆಯಲ್ಲಿ ಹೊಸ ಎಣ್ಣೆಯನ್ನು ಸುರಿದಳು. ಬಂಗಾರದ ಬಣ್ಣ, ನಮ್ಮ ಕುಸುಬಿ ಎಣ್ಣೆಯಂತೆಯೇ. ಅದಕ್ಕೆ ಮೊಟ್ಟೆ ಒಡೆದು ಹಾಕಿದಳು, ಅರಿಶಿನ ಹಾಕಿದಳು, ಅಜವಾನ ಕುಟ್ಟಿ ಹಾಕಿದಳು. ಜೀಪಿನ ಗಾತ್ರ ನೋಡಿ ಮೊಟ್ಟೆ ಇನ್ನೂ ಒಂದಿಷ್ಟು ಹಾಕಿದಳು. ಗೊಟ್ಟ ಇಳಿಸಿ ಸೆರಗಿನಿಂದ ಒರೆಸಿದಳು. ಕೆಂದನಿಗೆ ಹಾಕುವಾಗ ನಾನು ಮೂಗುದಾರ ಹಿಡಿಯುವವಳು, ಆದ್ದರಿಂದ ಜೀಪಿನ ಕನ್ನಡಿ ಹಿಡಿದು ನಿಂತೆ. ಬಾನೆಟ್ಟು ಎತ್ತಿದ್ದು ಥೇಟು ಎತ್ತು ದವಡೆ ತೆರೆದ ಹಾಗಿತ್ತು. ಎರಡು ದೀಪ ಎರಡು ಕಣ್ಣು, ನಡುವೆ ದಿನಾ ಅಪ್ಪ ನೀರು ಕುಡಿಸುವ ಬಾಯಿ. ಆಯಿ ಮುಚ್ಚಳ ತಿರುಗಿಸಿದಳು, ಗೊಟ್ಟ ಇಟ್ಟಳು, ಸುರಿದಳು. ರಾತ್ರಿ ನೀರು ಸೋರಿ ಬರಿದಾಗಿದ್ದರಿಂದ ಮೊದಮೊದಲು ಗಟಗಟ ಕುಡಿಯಿತು. ಕೊನೆಗೆ ತುಂಬಿ ಮೂತಿಯ ಮೇಲೆ ಇಳಿಯತೊಡಗಿತು. ಎತ್ತು ಕೂಡ ಅರ್ಧ ಉಗುಳುತ್ತದೆ. ಆಯಿ ಅದರ ಮೂತಿಯ ಮೇಲೆ ತಟ್ಟಿ, ನುಂಗು ನುಂಗು ಎಂದು ಮೆಲ್ಲಗೆ ಹೇಳಿದಳು. ಜೀಪಿನ ಜೊತೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು. ಇದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಈಗಲೂ ಬಾಯಿ ಮುಖದಲ್ಲಿರಬೇಕು ಅನ್ನುವುದರಲ್ಲಿ ನಾನು ಆಯಿಯ ಕಡೆ.

ಅಪ್ಪ ಹಳ್ಳದಿಂದ ಬರುವಷ್ಟರಲ್ಲಿ ಅವ್ವ ಬಾನೆಟ್ಟು ಮುಚ್ಚಿ, ತೊಳೆದು, ವಿಭೂತಿ ಎಳೆದು, ಒಂದು ದೀಪದಿಂದ ಇನ್ನೊಂದಕ್ಕೆ ಬಾನೆಟ್ಟಿನ ಮೇಲಿಂದ ಕೋಡಬಳೆಯ ಸರ ಬಿಗಿದಿದ್ದಳು. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಕೋಡಬಳೆ ಕಟ್ಟುತ್ತಾರೆ. ಕೊಂಬಿಲ್ಲದ್ದಕ್ಕೆ ದೀಪಕ್ಕೆ ಕಟ್ಟಿದಳು, ಅಷ್ಟೇ. ಅಪ್ಪ ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿದ.

"ಹಾಕೀಯೇನಬೇ?"

"ಹಾಕೀನಿ. ಪೂರಾ ಕುಡದದ."

ಅಪ್ಪ ಸುಮ್ಮನೆ ಇರಲಿಲ್ಲ, ಅದನ್ನು ಹೇಳಬೇಕು. ಕಡ್ಡಿ ನೋಡಿ, ನೀರೂ ಹಾಕಿಬಿಡುತ್ತೇನೆ ಎಂದು ಬಾನೆಟ್ಟಿಗೆ ಕೈಹಾಕಿದ. ಅವ್ವ ಬಂದು ಅಡ್ಡ ನಿಂತಳು. ಸಂಜೆ ಅಗಸಿಯಲ್ಲಿ ಕರಿ ಹರಿಯುವ ಮೊದಲು ಮನೆಯಲ್ಲಿ ಕಟ್ಟಿದ ಸರ ಹರಿಯಬಾರದು, ಅಪಶಕುನ. ಬೇಕಾದರೆ ನಿನ್ನ ತಾಯಿಯನ್ನು ಕೇಳು ಎಂದಳು. ಅವನು ಕೇಳಿದ. ನಾನು ಹಾಕಿದ್ದನ್ನು ಕಡ್ಡಿ ಕೇಳಿ ನಂಬುತ್ತೀಯಾ ಎಂದು ಆಯಿ ಗೊಟ್ಟ ತೊಳೆಯಲು ಹೋದಳು. ಅತ್ತೆ ಸೊಸೆ ಒಂದೇ ಮಾತು ಆಡಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅಪ್ಪನಿಗೆ ಅದೇ ಶುಭಶಕುನದ ಹಾಗೆ ಕಂಡಿರಬೇಕು.

ಕರಿ ಹರಿಯುವುದೆಂದರೆ, ಊರ ಅಗಸಿಗೆ ಬೇವಿನ ಸೊಪ್ಪು ಕಟ್ಟಿದ ಹಗ್ಗ ಅಡ್ಡ ಬಿಗಿದಿರುತ್ತಾರೆ, ಅದೇ ಕರಿ. ಸಂಜೆ ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಹರಿದರೆ ಆ ವರ್ಷ ಬಿಳಿಜೋಳ ಬರುತ್ತದೆ, ಕೆಂಪು ಎತ್ತು ಹರಿದರೆ ತೊಗರಿಯೋ ನವಣೆಯೋ ಏನೋ ಒಂದು. ಅಪ್ಪ ಜೀಪನ್ನು ಎತ್ತುಗಳ ಸಾಲಿನ ಹಿಂದೆ ತರುವುದೆಂದಿತ್ತು. ನಾನು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತೆ. ಸೀಟಿನ ಒಳಗಿನ ತಂತಿ ತೊಡೆಗೆ ಚುಚ್ಚುತ್ತಿತ್ತು, ನಾನು ಅಲ್ಲಾಡಲಿಲ್ಲ. ಓಣಿಯ ಹುಡುಗಿಯರು ಗೋಡೆಯ ಮೇಲೆ ನಿಂತು ನೋಡಿದರು. ನಾನು ಅವರ ಕಡೆ ನೋಡಲಿಲ್ಲ. ಸಾಹೇಬರ ಹೆಂಡರು ಹಾಗೆ ನೋಡುವುದಿಲ್ಲವೆಂದು ಕೇಳಿದ್ದೆ. ಏಳಬೇ ಅಲ್ಲಿಂದ ಎಂದು ಯಾರೂ ಅನ್ನಲಿಲ್ಲ. ಅಗಸಿಯ ಹತ್ತಿರ ಡೊಳ್ಳಿನವರು ಇನ್ನೂ ಬಂದಿರಲಿಲ್ಲ. ಅಪ್ಪ ಇಂಜಿನ್ ಆರಿಸದೆ, ಮಂದಿ ಕೇಳಲಿ ಎಂದು ಗುರ್ರ್ ಗುರ್ರ್ ಅನ್ನಿಸುತ್ತ ನಿಂತ. ಸ್ವಲ್ಪ ಹೊತ್ತಿಗೆ ಮುಂದುಗಡೆಯಿಂದ ಘಮ್ಮನೆ ವಾಸನೆ ಬಂತು. ಮೊಟ್ಟೆ ಹುರಿದ ವಾಸನೆ, ಅಜವಾನದ ಜೊತೆ. ಯಾರದೋ ಮನೆಯಲ್ಲಿ ಹಬ್ಬದ ದಿನ ಮೊಟ್ಟೆ ಹುರಿಯುತ್ತಾರೆ, ಆಚಾರವಿಲ್ಲದವರು ಎಂದು ಗೌಡರ ಮನೆಯ ಮುದುಕಿ ಬೈದಳು. ಆಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಹೊಗೆಗೆ ಬೆದರಿ ಮುಂದಿನ ಎತ್ತುಗಳು ಎರಡೂ ಕಡೆ ಚದುರಿದವು. ದಾರಿ ಖಾಲಿಯಾಯಿತು. ಅಪ್ಪ ಗಾಬರಿಯಲ್ಲಿ ಬ್ರೇಕು ಒತ್ತಿದನೋ ಇನ್ನೇನು ಒತ್ತಿದನೋ, ಜೀಪು ಒಮ್ಮೆ ಮುಂದಕ್ಕೆ ಹಾರಿ ಅಗಸಿಯೊಳಗೆ ನುಗ್ಗಿ, ಕರಿ ಹರಿದು, ಹೊಟ್ಟೆಯೊಳಗೆ ಕಬ್ಬಿಣ ಕಬ್ಬಿಣಕ್ಕೆ ಕಚ್ಚಿದ ಸದ್ದು ಮಾಡಿ, ಅಲ್ಲೇ ನಿಂತುಬಿಟ್ಟಿತು. ಬೇವಿನ ಸೊಪ್ಪಿನ ಹಗ್ಗ ನನ್ನ ಮಡಿಲಲ್ಲಿ ಬಿತ್ತು.

ಅಗಸಿ ಜೀಪಿನಷ್ಟೇ ಅಗಲ. ಊರಿನ ಎತ್ತುಗಳೆಲ್ಲ ಹೊರಗೆ, ಊರು ಒಳಗೆ, ನಡುವೆ ನಾವು. ಗೌಡ ಬಂದು ತನ್ನ ಬಿಳಿ ಎತ್ತು ಹರಿಯಬೇಕಾದ ಕರಿಯನ್ನು ನೋಡಿದ, ನನ್ನ ಮಡಿಲು ನೋಡಿದ, ಅಪ್ಪನನ್ನು ನೋಡಿದ. ಯಾರಾದರೂ ಏನಾದರೂ ಅನ್ನಬೇಕಲ್ಲ, ಹಿರಿಯನೊಬ್ಬ ಗೋಡೆಗೆ ಕೂತವನು ಕೇಳಿದ:

"ಬಿಳೀದು ಹರದ್ರ ಜ್ವಾಳ. ಹಸರ ಜೀಪು ಹರದ್ರ ಏನ್ ಬೆಳೀತದಪಾ?"

"ಹೆಸರು ಬಿತ್ರಿ ಎಲ್ಲಾರೂ," ಅಂದ ಗೌಡ. ಅವನೂ ನಕ್ಕ. ನಗದೆ ಇದ್ದಿದ್ದರೆ ಅಪ್ಪನಿಗೆ ಕಡಿಮೆ ನೋವಾಗುತ್ತಿತ್ತು.

ಜೀಪು ಎಳೆಯಲು ಒಂದು ಎತ್ತೂ ಹತ್ತಿರ ಬರಲಿಲ್ಲ, ಹೊಗೆ, ವಾಸನೆ. ಕೆಂದ ಮಾತ್ರ ಬಂತು. ಇಷ್ಟು ದಿನ ಅದರ ಜೊತೆ ಒಂದೇ ಅಂಗಳದಲ್ಲಿ ಮಲಗಿತ್ತಲ್ಲ. ಅಪ್ಪ ಹಗ್ಗ ಕಟ್ಟಿ ಕೆಂದನ ಜೊತೆ ಮುಂದೆ ನಡೆದ, ಹಿಂದಿನಿಂದ ಮಂದಿ ನೂಕಿದರು. ಚಕ್ರ ತಿರುಗಿಸಲು ಒಬ್ಬರು ಬೇಕು. ಅಪ್ಪ ನನ್ನನ್ನು ತನ್ನ ಸೀಟಿಗೆ ಸರಿಸಿ, ನೇರ ಹಿಡಿದು ಕೂಡು ಎಂದ. ಹೀಗೆ ನಾನು ಜೀಪು ಓಡಿಸಿಕೊಂಡು ಮನೆಗೆ ಬಂದೆ. ಗೋಡೆಯ ಮೇಲಿನ ಹುಡುಗಿಯರು ಈಗ ನಂಬಿದರು, ಆದರೆ ನಾನು ಹೇಳಿದ ಹಾಗಲ್ಲ.

ಮರುದಿನ ಮೌಲಾಸಾಬ ಬಂದ. ಕಡ್ಡಿ ಎಳೆದ, ಒಣಗಿತ್ತು. ಮುಂದಿನ ಮುಚ್ಚಳ ತೆಗೆದ, ಬೆರಳು ಹಾಕಿ ಏನೋ ಎತ್ತಿ ಬೆಳಕಿಗೆ ಹಿಡಿದ. ಹಳದಿಯ ಚೂರು.

"ಎಣ್ಣಿ ಯಾರು ಹಾಕಿದ್ರಿ?"

"ನಾ ಹಾಕೀನಿ," ಅಂದಳು ಆಯಿ.

"ಎಲ್ಲಿ ಹಾಕಿದ್ರಿ ಯವ್ವಾ?"

"ಬಾಯಾಗ. ಮತ್ತೆಲ್ಲಿ ಹಾಕ್ತಾರ?"

ಮೌಲಾಸಾಬ ನೆಲದ ಮೇಲೆ ಕೂತ. ಇದು ನೀರು ಕುಡಿಯುವ ಬಾಯಿ, ಎಣ್ಣೆ ಕುಡಿಯುವ ಬಾಯಿ ಅಲ್ಲಿ, ನಡುವೆ, ಇಂಜಿನ್ನಿನ ನೆತ್ತಿಯ ಮೇಲೆ ಎಂದು ತಾಳ್ಮೆಯಿಂದ ತೋರಿಸಿದ. ಆಯಿ ಬಗ್ಗಿ ನೋಡಿದಳು.

"ನೆತ್ತಿ ಮ್ಯಾಲ ಬಾಯಿರೋ ಪ್ರಾಣಿ ನಾ ನೋಡಿಲ್ಲ. ತಪ್ಪು ನಂದಲ್ಲ, ಇದನ್ನ ಹುಟ್ಟಿಸಿದಾಂವಂದು."

ಇಂಜಿನ್ ಒಳಗೆಲ್ಲ ಕಚ್ಚಿಕೊಂಡಿದೆ, ಇದನ್ನು ಎಬ್ಬಿಸುವುದಕ್ಕಿಂತ ಇನ್ನೊಂದು ತರುವುದು ಸುಲಭ ಎಂದ ಮೌಲಾಸಾಬ. ಅಪ್ಪ ಹೊಸ್ತಿಲ ಮೇಲೆ ಕೂತಿದ್ದ, ಎದ್ದು ಹೋಗಲೂ ಇಲ್ಲ. ಅವನನ್ನು ನೋಡಿ ಮೌಲಾಸಾಬನಿಗೆ ಏನಾದರೂ ಒಳ್ಳೆಯದು ಹೇಳಬೇಕು ಅನ್ನಿಸಿರಬೇಕು. ಒಂದು ಮಾತ್ರ, ಮೊಟ್ಟೆ ಬೆಂದು ತೂತಿಗೆ ಮೆತ್ತಿಕೊಂಡು ಮೂತಿಯಿಂದ ನೀರು ಸೋರುವುದು ನಿಂತಿದೆ, ಹಳೆಯ ಡ್ರೈವರುಗಳು ದಾರಿಯಲ್ಲಿ ಕೆಟ್ಟರೆ ಹೀಗೇ ಮಾಡುತ್ತಾರೆ ಎಂದ. ಹೇಳಬಾರದಿತ್ತು. ಆಯಿ ಸಾಯುವ ತನಕ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು: ದೇವದುರ್ಗದ ಮಿಸ್ತ್ರಿಯ ಕೈಯಲ್ಲಿ ಆಗದ ಸೋರಿಕೆ ನನ್ನ ಒಂದು ಗೊಟ್ಟಕ್ಕೆ ನಿಂತಿತು.

ಅವತ್ತು ನಾನು ಅತ್ತೆ. ಸಾಲಿಗಾಗಿ ಅಲ್ಲ, ಸೀಟಿಗಾಗಿ. ಅಪ್ಪ ಮುಂದಿನ ವರ್ಷ ಎಂದ. ಮುಂದಿನ ವರ್ಷವೂ ಮುಂದಿನ ವರ್ಷ ಎಂದ. ಬಸ್ಸಿನಲ್ಲಿ ಹೆಣ್ಣುಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಆಯಿ. ಹೀಗೆ ನನ್ನ ಓದು ನಾಲ್ಕಕ್ಕೇ ನಿಂತಿತು. ಜೀಪು ಚಪ್ಪರದಡಿ ಉಳಿಯಿತು, ಕೆಂದನನ್ನು ಅದರ ಪಕ್ಕದಲ್ಲೇ ಕಟ್ಟಿದರು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಗೆ ಕೂತವು. ಮುಂದಿನದು ನನಗೆ. ಅಲ್ಲಿ ಕೂತೇ ಬೆಳ್ಳುಳ್ಳಿ ಸುಲಿದೆ, ಅಲ್ಲಿ ಕೂತೇ ಪುಂಡಿಪಲ್ಯ ಸೋಸಿದೆ, ಅಲ್ಲಿ ಕೂತೇ ರೊಟ್ಟಿ ತಿಂದೆ. ಯಾರೂ ಎಬ್ಬಿಸಲಿಲ್ಲ. ಗಂಡಿನ ಕಡೆಯವರು ರಾಯಚೂರಿನಿಂದ ನೋಡಲು ಬಂದಾಗ ಹುಡುಗಿ ಎಲ್ಲಿ ಅಂದರೆ, ಜೀಪಿನಲ್ಲಿದ್ದಾಳೆ ಎಂದಳು ಅವ್ವ. ಅವರು ನಮ್ಮನ್ನು ದೊಡ್ಡ ಮನೆತನದವರೆಂದು ತಿಳಿದರು.

ರಾಯಚೂರಿಗೆ ಸೊಸೆಯಾಗಿ ಬಂದ ಮೇಲೆ ನನ್ನ ಬಾಯಲ್ಲಿ ಒಂದು ಮಾತು ಕೂತುಬಿಟ್ಟಿತು: ತೋರಿಸು. ಗಂಡ ಬಾಗಿಲು ಹಾಕಿದೆ ಅಂದರೆ ತೋರಿಸು, ಮಗ ಪಾಸಾದೆ ಅಂದರೆ ತೋರಿಸು, ಸೊಸೆ ಗ್ಯಾಸು ಬಂದ್ ಮಾಡಿದೆ ಅಂದರೆ ಎದ್ದು ಹೋಗಿ ನೋಡುವುದು. ಯಾರಿಗೂ ನಾನು ಬೇಕಾದವಳಾಗಲಿಲ್ಲ, ಆದರೆ ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಯಾವುದೂ ಸುಟ್ಟಿಲ್ಲ.

ಈಗ ಮೊಮ್ಮಗಳು ಸುಜಾತಾ ಮಾನ್ವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ದಿನಾ ತನ್ನ ಕಾರಿನಲ್ಲೇ ಹೋಗಿಬರುತ್ತಾಳೆ. ಮೊನ್ನೆ ರವಿವಾರ ಮನೆಯ ಮುಂದೆ ಹಳೆಯ ಚಾದರ ಹಾಸಿ, ಮೊಬೈಲು ಗೋಡೆಗೆ ಒರಗಿಸಿ ಅದರಲ್ಲಿ ಯಾರೋ ಹೇಳಿದ್ದನ್ನು ನೋಡುತ್ತ, ಎಣ್ಣೆ ಬದಲಿಸಲು ಕೂತಳು. ಕೈಗೆ ರಬ್ಬರಿನ ಗವಸು, ಎಣ್ಣೆ ಹಿಡಿಯಲು ಅದಕ್ಕೆಂದೇ ತಂದ ಅಗಲ ಡಬ್ಬಿ. ಬೋಲ್ಟು ಬೀಳಿಸಲಿಲ್ಲ. ಬಾಯಿ ಹುಡುಕಲಿಲ್ಲ, ಮುಚ್ಚಳದ ಮೇಲೇ ಎಣ್ಣೆಯ ಚಿತ್ರವಿತ್ತು. ಹಳೆಯ ಎಣ್ಣೆಯನ್ನು ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಲು ಇಟ್ಟಳು. ಬಾಗಿಲಿಗೆ ಒಂದಿಷ್ಟು ಕೊಡೆಂದರೆ ಕೊಡಲಿಲ್ಲ. ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಬೈಯಲು ಏನೂ ಸಿಗದೆ ಬೇಜಾರಾಯಿತು.

"ಆತು ನೋಡಬೇ," ಅಂದಳು.

"ತೋರಸು."

ಸುಜಾತಾ ನನ್ನ ಮುಖ ನೋಡಿ, ಕಡ್ಡಿಯನ್ನು ತಾನು ಎಳೆಯಲಿಲ್ಲ. ನೀನೇ ಎಳಿ ಎಂದಳು. ಎಳೆದೆ, ಸೆರಗಿನಿಂದ ಒರೆಸಿದೆ, ತೂರಿಸಿ ಮತ್ತೆ ಎಳೆದೆ. ಬಂಗಾರದ ಬಣ್ಣ, ಗೆರೆಗೆ ಸರಿಯಾಗಿ. ಹೂಂ, ನಡಿ ಎಂದೆ. ಹಿರೇಕೊಟ್ನೆಕಲ್‌ನಲ್ಲಿ ನನ್ನ ನಾದಿನಿಯ ಮಗಳ ಮನೆಯಿದೆ, ಮರುದಿನ ಕಾಲೇಜಿಗೆ ಹೋಗುವಾಗ ಬಿಡುತ್ತೇನೆ ಎಂದು ಸುಜಾತಾ ಹೇಳಿದ್ದಳು. ಬೆಳಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡೆ. ಅವಳು ಹಿಂದಿನ ಬಾಗಿಲು ತೆಗೆದಳು. ನಾನು ಮುಂದೆ ಕೂತೆ.

ಊರು ದಾಟಿದ ಮೇಲೆ ಬಿಸಿಲು ಗಾಜಿನಿಂದ ನೇರ ಮುಖಕ್ಕೆ ಬಂತು. ಎದೆಗೆ ಬಿಗಿದ ಪಟ್ಟಿ ಉಸಿರು ಹಿಡಿಯಿತು. ಎದುರಿಗೆ ಬರುವ ಪ್ರತಿ ಲಾರಿಯೂ ನನ್ನ ಮೇಲೇ ಬಂದಂತಾಗಿ, ಕಾಲಲ್ಲಿ ಇಲ್ಲದ ಬ್ರೇಕು ಒತ್ತಿ ಒತ್ತಿ ಮೊಣಕಾಲು ನೋವು ಬಂತು. ಕಲ್ಲೂರು ಬರುವ ಮೊದಲೇ ನಿಲ್ಲಿಸೆಂದು ಇಳಿದು, ಹಿಂದೆ ಹೋಗಿ ಕಾಲು ಮೇಲೆ ಮಾಡಿಕೊಂಡು ಕೂತೆ. ಹಿಂದೆ ನೆರಳಿತ್ತು, ಜಾಗ ಧಾರಾಳವಾಗಿತ್ತು. ಮುಂದಿನ ಸೀಟು ಇಷ್ಟೇ ಎಂದು ಆ ಹುಣ್ಣಿಮೆಯ ಮರುದಿನ ಯಾರಾದರೂ ಹೇಳಿದ್ದರೆ, ಅಳು ಬಿಟ್ಟು ಜೀಪಿನ ದೀಪಕ್ಕೆ ಕಟ್ಟಿದ್ದ ಕೋಡಬಳೆ ಬಿಚ್ಚಿ ತಿನ್ನುತ್ತಿದ್ದೆ. ಅವನ್ನೆಲ್ಲ ಕೆಂದ ತಿಂದಿತು.